ಮೂರನೆಯವಳ ಕೈ

ಡಾಕ್ಟರ್ ವಾರಿಜಾ ಮೂಳೆ, ಕೀಲುಗಳ ನೋವನ್ನು ಕೈಯಿಂದಲೇ ವಾಸಿಮಾಡುವ ಆಸ್ಟಿಯೋಪಥಿ ವೈದ್ಯೆ. ಸ್ವಂತ ಕ್ಲಿನಿಕ್ ಇದ್ದರೂ ವಾರಕ್ಕೆರಡು ದಿನ ವಿಶ್ವವಿದ್ಯಾಲಯಕ್ಕೆ ಹೋಗಿ ಅದನ್ನೇ ಕಲಿಸುತ್ತಿದ್ದರು. ಪ್ರಾಯೋಗಿಕ ಪರೀಕ್ಷೆಯ ದಿನ, ಬರಬೇಕಿದ್ದ ರೋಗಿ ಬರಲಿಲ್ಲ. "ನನ್ನ ಬೆನ್ನನ್ನೇ ನೋಡಿ" ಎಂದು ಅವರೇ ಮೇಜಿನ ಮೇಲೆ ಬೋರಲು ಮಲಗಿದರು.

ಮೊದಲಿಬ್ಬರು ವಿದ್ಯಾರ್ಥಿಗಳು ಒತ್ತಿ ನೋಡಿ, "ಏನೂ ತೊಂದ್ರೆ ಇಲ್ಲ ಮೇಡಂ" ಎಂದರು. ಮೂರನೆಯವಳು ಝೀನತ್, ಓದಿನಲ್ಲಿ ಎಲ್ಲರಿಗಿಂತ ಹಿಂದಿದ್ದವಳು. ಅವಳ ಬೆರಳುಗಳು ಸೊಂಟದ ಮೇಲೆ ಒಂದು ಕಡೆ ನಿಂತುಬಿಟ್ಟವು.

"ಯಾಕೆ ನಿಲ್ಸಿದೆ?"

"ಇಲ್ಲಿ ಮುಟ್ಟಿದ್ರೆ ನೀವು ಉಸಿರು ಬಿಗಿಹಿಡೀತಿದ್ದೀರ. ಮಲಗಿದಾಗ್ಲೂ ನೋವಿರುತ್ತಾ ಮೇಡಂ?"

"ಪರೀಕ್ಷೆ ಇರೋದು ನಿಂಗೆ, ನಂಗಲ್ಲ. ಒತ್ತು."

"ಫೇಲ್ ಮಾಡಿದ್ರೂ ಪರವಾಗಿಲ್ಲ, ನಾನು ಒತ್ತಲ್ಲ. ದಯವಿಟ್ಟು ಸ್ಕ್ಯಾನ್ ಮಾಡಿಸಿ." ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಳು.

ವಾರಿಜಾ ಎದ್ದು ಕೂತರು. ಉಳಿದವರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಮುಚ್ಚುವವರೆಗೆ ಕಾದರು.

"ಮಾಡಿಸಿದೀನಿ ಕಣಮ್ಮ. ಗಡ್ಡೆ ಇದೆ. ಮನೇಲಿ ಇನ್ನೂ ಯಾರಿಗೂ ಹೇಳಿಲ್ಲ."