ಮಗ್ಗುಲು ಬದಲಿಸುವ ಹೊತ್ತು

ಕರೆಂಟ್ ಕಂಬದಿಂದ ಬಿದ್ದ ಗಂಡನಿಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಎಂಟು ತಿಂಗಳಾಗಿತ್ತು. ಫೋಮ್ ಹಾಸಿಗೆಯ ಬಿಸಿಗೆ ಬೆನ್ನು ಹುಣ್ಣಾಗಿತ್ತು. ಹಗಲೂ ರಾತ್ರಿಯೂ ಎರಡು ತಾಸಿಗೊಮ್ಮೆ ಕಸ್ತೂರೆವ್ವ ಅವನ ಮಗ್ಗುಲು ಬದಲಿಸುತ್ತಿದ್ದಳು. ಅಂದು ಬೆಳಿಗ್ಗೆ ಹನ್ನೊಂದಕ್ಕೆ ಅವನನ್ನು ಹೊರಳಿಸಿ ಮಲಗಿಸಿದವಳೇ ಓಡುತ್ತ ಗಾದಿ ಹೊಲಿಯುವ ನದಾಫ್ ಕಾಕಾನ ಅಂಗಡಿಗೆ ಬಂದಳು.

“ಬೆನ್ನಿಗೆ ಒತ್ತಬಾರದ್ರಿ ಕಾಕಾ, ಗಾಳಿ ಆಡಬೇಕು. ಹುಣ್ಣು ಎಲುಬಿಗೆ ಇಳದ್ರ ಮನಶ್ಯಾ ಉಳಿಯೋದಿಲ್ಲ ಅಂದಾರ ಡಾಕ್ಟರು.”

“ಕೆಳಗ ತೆಂಗಿನ ನಾರು, ಮ್ಯಾಲೆ ಬೂರುಗದ ಹತ್ತಿ. ಈ ಗಾದಿ ಮ್ಯಾಲೆ ನೀನ ಮಲಗಿ ನೋಡವ್ವ.”

ಅವಳು ಗಂಡನಂತೆಯೇ ಅಂಗಾತ ಮಲಗಿದಳು. ಎಲ್ಲಿ ಒತ್ತುತ್ತದೆಂದು ತಿಳಿಯಲು ಕಣ್ಣು ಮುಚ್ಚಿದಳು.

ಕಣ್ಣು ತೆರೆದಾಗ ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆಯಾಗಿತ್ತು.

“ಅಯ್ಯೋ, ನನ್ನ ಕೈಯಾರೆ ಕೊಂದ್ನಲ್ರಿ ಅವರನ್ನ! ಯಾಕ ಎಬ್ಬಸಲಿಲ್ಲ ನನ್ನ?” ಚಪ್ಪಲಿಯನ್ನೂ ಮೆಟ್ಟದೆ ಅವಳು ಬಾಗಿಲಿಗೆ ಓಡಿದಳು.

“ನಿಲ್ಲವ್ವ! ನಿನ್ನ ಫೋನ್ ಬಡಕೊಂತು, ನಾನ ಎತ್ತಿದೆ. ನಿನ್ನ ಗಂಡ ಮಾತಾಡಿದ. ಬಾಜೂ ಮನಿಯವರನ್ನ ಕರದು ಎರಡೂ ಸಲ ಮಗ್ಗಲಾ ಬದಲಿಸಿಕೊಂಡಾನಂತ. ಎಬ್ಬಸಬ್ಯಾಡ್ರಿ ಅಂದ.”

ಅವಳು ಹೊಸ್ತಿಲ ಮೇಲೆಯೇ ಕೂತಳು. ಬಹಳ ಹೊತ್ತು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

“ಹಂಗಾರ ಇದನ್ನ ಕಟ್ಟಿ ಕೊಡ್ರಿ, ಅವರಿಗೆ ಒಯ್ತೀನಿ.”

ಕಾಕಾ ತಲೆಯಾಡಿಸಿದ. “ಅವನಿಗೆ ಬ್ಯಾರೆದು ಹೊಲೀಬೇಕವ್ವ. ‘ಎಂಟು ತಿಂಗಳಾತು ಆಕಿ ನಿದ್ದಿ ಮಾಡಿ. ಆಕಿ ಮಲಗಿದ ಗಾದಿ ಆಕಿಗೇ ಕೊಡ್ರಿ’ ಅಂದಾನ.”