ಹನ್ನೊಂದನೇ ಟೇಬಲ್

ಅಡುಗೆಮನೆಯ ಗೋಡೆಯಲ್ಲಿದ್ದ ಪುಟ್ಟ ಯಂತ್ರ ಮತ್ತೆ ಅದೇ ಚೀಟಿ ಹೊರಗೆ ಹಾಕಿತು. ಅಡುಗೆಯ ಹುಲಿಗೆಪ್ಪ ಅದನ್ನು ಹರಿದುಕೊಂಡು ಒಲೆಯ ಮುಂದಿನಿಂದ ಸೀದಾ ಗಲ್ಲಾದ ಬಳಿ ಬಂದ.

"ಅಕ್ಕಾರ, ಇವತ್ತೂ ಬಂತ್ರಿ. ಹನ್ನೊಂದನೇ ಟೇಬಲ್ಲಿಗೆ ಒಂದು ಪ್ಲೇಟ್ ಬನ್ಸ್, ಒಂದು ಕಾಫಿ. ಮಾಡ್ಲೋ, ಬ್ಯಾಡೋ?"

ಗಲ್ಲಾದಲ್ಲಿ ಕೂತಿದ್ದ ಚಿತ್ರಾ ಹಣೆ ಚಚ್ಚಿಕೊಂಡಳು. ಯೆರವಡಾದ ಆ ಉಡುಪಿ ಹೋಟೆಲಿನಲ್ಲಿ ಇದ್ದದ್ದೇ ಹತ್ತು ಟೇಬಲ್. ವಾರದಿಂದ ಸಂಜೆ ತಿಂಡಿಯ ಹೊತ್ತಿಗೆ ಸರಿಯಾಗಿ ಈ ಇಲ್ಲದ ಟೇಬಲ್ಲಿನಿಂದ ಆರ್ಡರು ಬರುತ್ತಿತ್ತು. ಮಾಣಿಗಳನ್ನು ಕೇಳಿದರೆ, ಆ ಹೊತ್ತಿಗೆ ತಾವು ಫೋನು ಮುಟ್ಟಿಯೇ ಇಲ್ಲವೆಂದು ದೇವರಾಣೆ ಹಾಕುತ್ತಿದ್ದರು.

ಆರ್ಡರಿನ ಪ್ರೋಗ್ರಾಮು ಅವಳದೇ. ಅವಳದೇ ಎಂದರೆ, ಬಿ.ಕಾಂ. ಓದಿದ ಹುಡುಗಿ ತನಗೆ ಏನೇನು ಬೇಕೆಂದು ಎಐಗೆ ಹೇಳಿದಳು, ಅದು ಬರೆದುಕೊಟ್ಟಿತು. ಮಾಣಿ ಫೋನು ಒತ್ತಿದರೆ ಸಾಕು, ಅಡುಗೆಮನೆಯಲ್ಲಿ ಚೀಟಿ. ಕೂಗಾಟ ನಿಂತಿತು, ಇಡ್ಲಿ ಕೇಳಿದವರಿಗೆ ದೋಸೆ ಹೋಗುವುದು ನಿಂತಿತು. ಅವಳ ಅಪ್ಪ ಲೋಕನಾಥ ಎಷ್ಟೋ ವರ್ಷಗಳ ಮೇಲೆ ಮಧ್ಯಾಹ್ನ ಕೂತು ಉಣ್ಣತೊಡಗಿದ್ದರು. ಸುಳ್ಳು ಹೇಳಬಾರದು, ಅದೇನು ಸಣ್ಣ ಉಪಕಾರವಲ್ಲ. ಆದರೆ ಅವರು ಸಿಕ್ಕಸಿಕ್ಕವರಿಗೆಲ್ಲ "ಮಗಳು ಬರೆದದ್ದು" ಎಂದು ಕೊಚ್ಚಿಕೊಳ್ಳುತ್ತಿದ್ದರು. ಅದೇ ಊರಿನ ಕಾತ್ರಜದಲ್ಲಿ ಹೋಟೆಲ್ ಇಟ್ಟಿರುವ ಗೆಳೆಯ ಸಂಕಪ್ಪ ನಾಳೆ ನೋಡಲು ಬರುವವರಿದ್ದರು. ಹಿಡಿಸಿದರೆ ತಮ್ಮಲ್ಲೂ ಅದನ್ನೇ ಹಾಕಿಸಿಕೊಳ್ಳುವವರು.

ಚಿತ್ರಾ ಎಐಯನ್ನೇ ಕೇಳಿದಳು. ಅದು ನಯವಾಗಿ ಕ್ಷಮೆ ಕೋರಿ, ತಪ್ಪು ಸಿಕ್ಕಿತು, ಸರಿಮಾಡಿದ್ದೇನೆ ಎಂದಿತು. ಮರುಕ್ಷಣ ಹತ್ತೂ ಟೇಬಲ್ಲಿನ ಚೀಟಿ ನಿಂತು ಹೋಟೆಲು ಸಂತೆಯಾಯಿತು. ಗಾಬರಿಯಲ್ಲಿ ಹಳೆಯದನ್ನೇ ವಾಪಸು ಹಾಕಿದಳು. ತಾನೇ ನೋಡೋಣವೆಂದು ತೆರೆದರೆ ಸಾವಿರಾರು ಸಾಲು. ಅಡುಗೆಮನೆ ತನ್ನದೇ, ಉಪ್ಪಿನ ಡಬ್ಬಿ ಎಲ್ಲಿದೆಯೋ ಗೊತ್ತಿಲ್ಲ ಅನ್ನುವ ಹಾಗಾಯಿತು. ಕಣ್ಣಿಗೆ ಬಿದ್ದ ತಪ್ಪು ಇದೊಂದು. ಬೀಳದೆ ಒಳಗೆ ಇನ್ನೇನೇನು ಕೂತಿದೆಯೋ ಎಂದು ಅವಳಿಗೆ ಹೆದರಿಕೆಯಾಯಿತು.

"ಅಪ್ಪಾ, ಸಂಕಪ್ಪ ಮಾಮನಿಗೆ ಈಗ ಬೇಡ ಹೇಳುವ. ಇದು ಯಾಕೆ ಹೀಗೆ ಮಾಡ್ತದೆ ಅಂತ ನಂಗೇ ಗೊತ್ತಿಲ್ಲ."

"ಎಂತ ಮಾರಾಯ್ತಿ, ಒಂದು ಪ್ಲೇಟ್ ಬನ್ಸಿಗೆ ಇಷ್ಟು ತಲೆಬಿಸಿಯಾ? ಟೇಬಲ್ ಇಲ್ಲ ಅಂತ ತಾನೇ ರಗಳೆ? ಹಾಕುವ!"

ಹಾಕಿಯೇ ಬಿಟ್ಟರು. ಅಟ್ಟದಲ್ಲಿದ್ದ ಹಳೇ ಟೇಬಲ್ ಇಳಿಸಿ, ಒರೆಸಿ, ಕೈತೊಳೆಯುವ ಬೇಸಿನ್ನಿನ ಪಕ್ಕ ಇಟ್ಟು, ಹನ್ನೊಂದು ಎಂದು ಅಂಟಿಸಿದರು. ಚಿತ್ರಾ ಪ್ರೋಗ್ರಾಮಿನಲ್ಲಿ ಟೇಬಲ್ಲಿನ ಸಂಖ್ಯೆ ಹತ್ತು ಎಂದಿದ್ದದ್ದನ್ನು ಹನ್ನೊಂದು ಮಾಡಿದಳು. ಮಾಡಿದ್ದು ಸರಿಯೋ ತಪ್ಪೋ ಅವಳಿಗೆ ತಿಳಿಯಲಿಲ್ಲ.

ಮರುದಿನ ಸಂಜೆ ಸಂಕಪ್ಪ ಅದೇ ಟೇಬಲ್ಲಿಗೆ ಬಂದು ಕೂತರು. ಕೇಳಿದ ಮಸಾಲೆದೋಸೆ ಒಂದಿಷ್ಟೂ ತಡವಿಲ್ಲದೆ ಬಂತು.

"ಭಾರೀ ಲಾಯ್ಕ ಉಂಟು. ಇಡೀ ನೀನೇ ಬರೆದದ್ದಾ ಮಗಾ?"

ಚಿತ್ರಾ ಧೈರ್ಯ ಮಾಡಿದಳು. "ಬರೆದದ್ದು ನಾನಲ್ಲ ಮಾಮ. ಒಳಗೆ ಎಂತ ಉಂಟು ಅಂತ ನಂಗೆ ನಿಜವಾಗಿ ಗೊತ್ತಿಲ್ಲ."

"ಅವಳಿಗೆ ಹೇಳಿಕೊಳ್ಳಲಿಕ್ಕೆ ನಾಚಿಕೆ," ಎಂದು ಲೋಕನಾಥ ನಕ್ಕರು.

ಅಷ್ಟರಲ್ಲಿ ಹುಲಿಗೆಪ್ಪ ಚೀಟಿ ಹಿಡಿದು ಬಂದ. "ಅಕ್ಕಾರ, ಬನ್ಸ್, ಕಾಫಿ. ಹನ್ನೆರಡನೇ ಟೇಬಲ್ ಎಲ್ಲಿ ಅದ್ರಿ?"

ಚಿತ್ರಾ ಅಪ್ಪನ ಮುಖ ನೋಡಿದಳು. ಅಪ್ಪ ಚೀಟಿಯ ಕಡೆ ನೋಡುತ್ತಲೇ ಇರಲಿಲ್ಲ. ಬಾಗಿಲಿಗೂ ಗಲ್ಲಾಕ್ಕೂ ನಡುವೆ ಉಳಿದಿದ್ದ ಜಾಗವನ್ನು ಕಣ್ಣಲ್ಲೇ ಅಳೆಯುತ್ತಿದ್ದರು.