ಅಮ್ಮನ ಮೊದಲ ದೃಷ್ಟಿ

ಜೆಸಿಬಿ ಓಣಿಯೊಳಗೆ ನುಗ್ಗಿದಾಗ ವಾಣಿಶ್ರೀ ಗೋಡೆಯ ಮೇಲಿನ ಚೌಡಮ್ಮನ ಮೂಗುತಿಗೆ ಹಳದಿ ಹಚ್ಚುತ್ತಿದ್ದಳು. ನೆಲ ಅದುರಿ ಕುಂಚದ ಬಣ್ಣ ತುಟಿಯ ಮೇಲಿಳಿಯಿತು.

ರಸ್ತೆ ಅಗಲ ಮಾಡಲು ಪುರಸಭೆಯವರು ಲೋಕಮ್ಮನ ಮನೆಯ ಈ ಮುಂಗೋಡೆಗೆ ಕೆಂಪು ಗುರುತು ಹಾಕಿ ಹೋಗಿದ್ದರು. ರಸ್ತೆಗೆ ಬೇಕಾದಷ್ಟು ಕೆಡವಿದರೆ ಅವಳಿಗೆ ಉಳಿಯುವುದು ಹಿಂದಿನ ಬಚ್ಚಲು ಮಾತ್ರ. ಶಿಕಾರಿಪುರದವರೆಲ್ಲ ಇದನ್ನು ಚೌಡಮ್ಮನ ಓಣಿ ಎಂದೇ ಕರೆಯುತ್ತಾರೆ. ಅಮ್ಮನ ಕಲ್ಲು ಮಾತ್ರ ಹಿಂದಿನ ಸಲ ರಸ್ತೆ ಅಗಲವಾದಾಗಲೇ ಬೇರೆಡೆಗೆ ಹೋಗಿತ್ತು. "ಅಂಗನವಾಡಿ ಗೋಡಿ ಮ್ಯಾಲೆ ಗಿಳಿ, ನವಿಲು ಬರೀತೀಯಲ್ಲವ್ವ, ನನ್ ಗೋಡಿಗೆ ಅಮ್ಮನ್ನ ಬರಿ. ದೇವ್ರನ್ನ ಯಾರು ಕೆಡವ್ತಾರೆ?" ಎಂದು ಲೋಕಮ್ಮ ಬೆಳಿಗ್ಗೆಯೇ ವಾಣಿಶ್ರೀಯನ್ನು ಕರೆತಂದಿದ್ದಳು.

ಚಾಲಕ ಮಾಲತೇಶ್ ಗೋಡೆಗೆ ಎದುರಾಗಿ ಯಂತ್ರ ನಿಲ್ಲಿಸಿ, ಕೂತಲ್ಲಿಂದಲೇ ಬಗ್ಗಿ ನೋಡಿದ.

"ಕಣ್ಣೇ ಬರ್ದಿಲ್ಲಲ್ರೀ ಮೇಡಂ. ಕಣ್ಣಿಲ್ದಿದ್ರೆ ಅದು ಬರೇ ಬಣ್ಣ. ನಾನೂ ಹಳ್ಳಿಯೋನೆ. ಪಕ್ಕಕ್ಕೆ ಬರ್ರಿ."

ಅವನೆಂದದ್ದು ನಿಜ. ಕಣ್ಣು ಕೊನೆಗೆ ಬರೆಯಬೇಕು. ಎರಡೂ ತೆರೆದೊಡನೆ ಅಮ್ಮನ ಮೊದಲ ದೃಷ್ಟಿ ಎದುರಿಗಿದ್ದವರ ಮೇಲೆ ಬೀಳುತ್ತದೆ, ಬಿದ್ದರೆ ಅವರು ಉಳಿಯುವುದಿಲ್ಲ. ಅದಕ್ಕೇ ಆ ದೃಷ್ಟಿ ಹೊರಲು ಎದುರಿಗೊಂದು ಕುಂಬಳಕಾಯಿ ಇಟ್ಟಿರುತ್ತಾರೆ.

"ಕುಂಬಳಕಾಯಿ ಇಲ್ಲ, ಲೋಕಮ್ಮತ್ತೆ." ವಾಣಿಶ್ರೀ ಕುಂಚ ಇಳಿಸಿದಳು.

"ಅಷ್ಟು ದೊಡ್ಡ ಕಾಯಿ ಎದುರಿಗೇ ಕುಂತೈತಲ್ಲ. ನೀ ಬರಿ." ಲೋಕಮ್ಮ ಹೊಸಿಲ ಮೇಲಿಂದ ಚಾಲಕನತ್ತ ಕೈ ತೋರಿಸಿದಳು.

ಓಣಿಯಲ್ಲಿ ನೆರೆದಿದ್ದ ಜನ ನಕ್ಕರು. ಮಾಲತೇಶನೂ ನಕ್ಕ. ವಾಣಿಶ್ರೀ ಗೋಡೆಯ ಪಕ್ಕಕ್ಕೆ ಸರಿದು, ಕೈಯಷ್ಟೇ ಚಾಚಿ ಎಡಗಣ್ಣು ಬರೆದಳು. ಅವನ ನಗು ನಿಂತಿತು. ಹಿಂದೆ ಸರಿಯೋಣವೆಂದರೆ ಓಣಿ ತುಂಬ ಜನ, ಇಳಿದರೆ ಅಮ್ಮನ ಮುಂದೆಯೇ ಇಳಿಯಬೇಕು.

"ನಿಲ್ಸಾಕೆ ಹೇಳ್ರಿ ಅಮ್ಮಾ. ಸಾಹೇಬ್ರು ಕಳ್ಸಿದ್ರು, ಬಂದೀನಿ. ಮನ್ಯಾಗೆ ಸಣ್ಣ ಕೂಸೈತಿ." ಮಾಲತೇಶ್ ಲೋಕಮ್ಮನಿಗೆ ಕೈಮುಗಿದ.

"ನಿಲ್ಸಿದ್ರೆ ಗೋಡಿ ಬಿಟ್ಟು ಹೋಗ್ತೀಯೇನು?"

"ನಾ ಹೋದ್ರೆ ನಾಳೆ ಇನ್ನೊಬ್ಬ ಬರ್ತಾನ್ರೀ. ಕಣ್ಣಿಲ್ಲಂದ್ರೆ ಅವ್ನು ಕೆಡವ್ತಾನೆ."

ಲೋಕಮ್ಮ ಹೊಸಿಲಿನಿಂದಿಳಿದು ಬಂದು, ಯಂತ್ರದ ಬಾಯಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ನಿಂತಳು. ಮಾಲತೇಶ್ ಕೂತಲ್ಲೇ ತಗ್ಗಿ ಅವಳ ಹಿಂದೆ ಮರೆಯಾದ.

"ನಾ ನಿಂತೀನಿ. ಇನ್ನೊಂದು ಬರಿಯವ್ವ."

"ಬ್ಯಾಡತ್ತೆ."

"ಮನಿ ನಂದು. ಬರಿ."

ಬಲಗಣ್ಣು ಮುಗಿಯಿತು. ಯಂತ್ರದ ಸದ್ದು ನಿಂತಿತು. ಓಣಿಯ ಜನ ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಕೈಮುಗಿದರು. ಅಮ್ಮನ ಕಡೆ ನೋಡುವ ಧೈರ್ಯ ವಾಣಿಶ್ರೀಗೆ ಬರಲಿಲ್ಲ. ಅವಳು ಲೋಕಮ್ಮನ ಕಣ್ಣುಗಳನ್ನೇ ನೋಡುತ್ತಿದ್ದಳು. ಅವು ಇನ್ನೂ ರೆಪ್ಪೆ ಬಡಿದಿರಲಿಲ್ಲ.